ಎಂಟನೇ ಕ್ಲಾಸಿನ ಸೈಕಲಿನಲ್ಲಿ ಐರನ್‌ಮ್ಯಾನ್ ಲೆಕ್ಕ

ಟ್ರಯಥ್ಲಾನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಈಜೂ ಅಲ್ಲ, ಓಟವೂ ಅಲ್ಲ, ದುಡ್ಡು. ಗಾಳಿ ಸೀಳುವ ಕಾರ್ಬನ್ ಸೈಕಲಿಗೆ ಎರಡು-ಮೂರು ಲಕ್ಷ, ಮೈಗಂಟಿದ ಸೂಟು, ಹಿಂದಕ್ಕೆ ಚೂಪಾದ ಹೆಲ್ಮೆಟ್ಟು, ಎದೆಬಡಿತ ಎಣಿಸುವ ವಾಚು. ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ‘ಅದೆಲ್ಲ ಇಎಂಐ ಮುಗಿದ ಮೇಲೆ ಮಾರಾಯ’ ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ.

ಆದರೆ ನಿಯಮಗಳನ್ನು ಕೂತು ಓದಿದರೆ ಸೈಕಲಿನ ಬೆಲೆ ಎಷ್ಟು ಅಂತ ಎಲ್ಲೂ ಕೇಳುವುದಿಲ್ಲ. ಎರಡೂ ಚಕ್ರಕ್ಕೆ ಬ್ರೇಕ್ ಬೇಕು, ಹ್ಯಾಂಡಲ್ಲಿನ ತುದಿ ಮುಚ್ಚಿರಬೇಕು, ತಲೆಗೆ ಹೆಲ್ಮೆಟ್ ಬೇಕು, ತುಳಿಯುವುದು ನಿಮ್ಮದೇ ಕಾಲು ಆಗಿರಬೇಕು. ಹಾಗಾದರೆ ಊರಿನ ಕೊಟ್ಟಿಗೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಸರಕಾರಿ ಸೈಕಲಿನಲ್ಲಿ ಇದನ್ನು ಮಾಡ್ಲಿಕ್ಕೆ ಆಗ್ತದಾ? ಜನವರಿಯ ಒಂದು ರಜೆಯಲ್ಲಿ ನಾವು ಮೂವರು ಕಡಬದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದೆವು. ನಾನು, ಚಿಕ್ಕಮ್ಮನ ಮಗಳು ಅಂದರೆ ನನ್ನ ತಂಗಿ, ಮತ್ತು ಊರಲ್ಲೇ ಉಳಿದು ತೋಟ ನೋಡಿಕೊಳ್ಳುವ ಒಬ್ಬ ದೋಸ್ತ. ಪದಕ ಇಲ್ಲ, ಟಿ-ಶರ್ಟ್ ಇಲ್ಲ, ಬ್ಯಾನರ್ ಇಲ್ಲ. ಇದ್ದದ್ದು ಒಂದು ಹೊಳೆ, ಒಂದು ರಸ್ತೆ, ಮಾವನ ಓಮ್ನಿ, ಮತ್ತೆ ಫೋನಿನ ಸ್ಟಾಪ್‌ವಾಚ್.

ಎಂಟೂವರೆ ಗಂಟೆಯ ಗಡುವು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಪೂರ್ತಿ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಮ್ಯಾರಥಾನ್. ಇದರ ಅರ್ಧ 1.9, 90 ಮತ್ತು 21.1. ಮೂರನ್ನೂ ಕೂಡಿಸಿ ಮೈಲಿಗೆ ತಂದರೆ 70.3. ಅದಕ್ಕೇ ಅರ್ಧ ಐರನ್‌ಮ್ಯಾನಿಗೆ ‘70.3’ ಎಂಬ ಹೆಸರು. ಗೋವಾದ ಮೀರಾಮಾರ್ ಬೀಚಿನಲ್ಲಿ ಇದು 2019ರಲ್ಲಿ ಶುರುವಾದ ಮೇಲೆ ಕರ್ನಾಟಕದವರಿಗೆ ಒಂದು ರಾತ್ರಿಯ ಬಸ್ಸಿನ ದೂರದ ಮಾತಾಯಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಲ್ಲಿ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ್ದು ಎಲ್ಲ ಪೇಪರುಗಳಲ್ಲೂ ಬಂದಿತ್ತು. ಅದಕ್ಕೂ ಮೊದಲು, 2022ರಲ್ಲಿ, ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ್ ಜರ್ಮನಿಯ ಹ್ಯಾಂಬರ್ಗಿನಲ್ಲಿ ಪೂರ್ತಿ ಐರನ್‌ಮ್ಯಾನನ್ನೇ ಮುಗಿಸಿ ಬಂದಿದ್ದರು.

ಇಲ್ಲಿ ಗಮನಿಸಬೇಕಾದ್ದು ಗಡುವು. 70.3ಕ್ಕೆ ಸಾಮಾನ್ಯವಾಗಿ ಕೊಡುವ ಸಮಯ ಎಂಟೂವರೆ ಗಂಟೆ. ಅದರೊಳಗೆ ಇನ್ನೆರಡು ಬಾಗಿಲು. ಈಜು 1 ಗಂಟೆ 10 ನಿಮಿಷದೊಳಗೆ ಮುಗಿಯಬೇಕು. ಹೊರಟಲ್ಲಿಂದ 5 ಗಂಟೆ 30 ನಿಮಿಷದೊಳಗೆ ಸೈಕಲ್ ಇಳಿದಿರಬೇಕು. ತಡವಾದರೆ ಅಲ್ಲೇ ನಿಲ್ಲಿಸುತ್ತಾರೆ, ಓಡ್ಲಿಕ್ಕೆ ಬಿಡುವುದಿಲ್ಲ. ನೀವು ಮೂರು ಲಕ್ಷದ ಸೈಕಲಿನಲ್ಲಿ ಬಂದಿರೋ, ಮೂರು ಸಾವಿರದ್ದರಲ್ಲೋ, ಗಡಿಯಾರಕ್ಕೆ ಗೊತ್ತಿಲ್ಲ. ನಮಗೆ ಬೇಕಾದ ಉತ್ತರವೂ ಇಷ್ಟೇ: ಗಡುವಿಗೂ ನಮ್ಮ ಸೈಕಲಿಗೂ ಎಷ್ಟು ಅಂತರ?

ಶುರುವಾದದ್ದೇ ಹೀಗೆ

ಈಗ ಐರನ್‌ಮ್ಯಾನ್ ದೊಡ್ಡ ಉದ್ಯಮ. ಆದರೆ ಅದು ಹುಟ್ಟಿದ ದಿನ ಯಾರ ಹತ್ತಿರವೂ ‘ಟ್ರಯಥ್ಲಾನ್ ಸೈಕಲ್’ ಇರಲಿಲ್ಲ, ಯಾಕಂದರೆ ಅಂಥದ್ದೊಂದು ವಸ್ತುವೇ ಇರಲಿಲ್ಲ. ಈಜುಗಾರನಿಗೆ ದಮ್ಮು ಜಾಸ್ತಿಯೋ, ಓಟಗಾರನಿಗೋ, ಸೈಕಲಿನವನಿಗೋ ಎಂಬ ಹರಟೆಯಿಂದ ಹುಟ್ಟಿದ ಆಟ ಅದು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ ಹವಾಯಿಯ ಓವಾಹು ದ್ವೀಪದಲ್ಲಿ ಆಗಲೇ ಇದ್ದ ಈಜು, ಸೈಕಲ್, ಮ್ಯಾರಥಾನ್ ದಾರಿಗಳನ್ನು ಒಂದಕ್ಕೊಂದು ಪೋಣಿಸಿದರು. 1978ರ ಫೆಬ್ರವರಿ 18ರಂದು ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು.

ದಾರಿಯಲ್ಲಿ ನೀರು ಕೊಡುವ ಟೇಬಲ್ಲುಗಳಿರಲಿಲ್ಲ. ಅವರವರ ಜನವನ್ನು ಅವರವರೇ ಕರೆದುಕೊಂಡು ಬರಬೇಕಿತ್ತು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ನ ಗೆಳೆಯರ ಹತ್ತಿರ ಓಟದ ಮಧ್ಯೆ ನೀರು ಮುಗಿಯಿತು. ಅವರು ಕೊಟ್ಟದ್ದು ಬಿಯರ್! (ನೀವು ಹಾಗೆ ಮಾಡಬೇಡಿ.)

ವಿಚಿತ್ರ ಸಾಮಾನಿಗೆ ನಗುವವರಿಗೆ ಇನ್ನೊಂದು ಕತೆ ಹೇಳಬೇಕು. ಮೊಣಕೈ ಊರಿ, ಮೈ ಮುಂದಕ್ಕೆ ಬಗ್ಗಿಸಿ ಕೂರುವ ಉದ್ದ ಹ್ಯಾಂಡಲ್ ಮೊದಲು ಬಳಕೆಗೆ ಬಂದದ್ದು ಟ್ರಯಥ್ಲಾನಿನವರಲ್ಲಿ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಅದೇ ಹ್ಯಾಂಡಲ್ ಹಾಕಿಕೊಂಡು ಬಂದ. 50 ಸೆಕೆಂಡು ಹಿಂದಿದ್ದವನು 8 ಸೆಕೆಂಡಿನಿಂದ ಟೂರ್ ಗೆದ್ದ. ಮರುದಿನದಿಂದ ಅದು ವಿಚಿತ್ರ ಅಲ್ಲ! ಅದಕ್ಕೆ ತದ್ವಿರುದ್ಧವಾದದ್ದೂ ಆಗಿದೆ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಎಂಬಾತ ಒರಗಿ ಕೂತು ತುಳಿಯುವ ಸೈಕಲಿನಲ್ಲಿ ಒಂದು ಗಂಟೆಯ ದಾಖಲೆ ಮುರಿದ. ಮರುವರ್ಷವೇ ಸೈಕ್ಲಿಂಗಿನ ಅಂತರರಾಷ್ಟ್ರೀಯ ಒಕ್ಕೂಟ ಅಂಥ ಸೈಕಲನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ಸಾಮಾನು ನಗೆಪಾಟಲೋ ಬ್ರಹ್ಮಾಸ್ತ್ರವೋ ಅನ್ನುವುದನ್ನು ಹೆಚ್ಚಿನ ಸಲ ನಿಯಮ ಬರೆಯುವವರು ತೀರ್ಮಾನಿಸುತ್ತಾರೆ. ಪುಣ್ಯಕ್ಕೆ ಸರಕಾರಿ ಸೈಕಲಿನ ಮೇಲೆ ಅವರ ಕಣ್ಣು ಬಿದ್ದಿಲ್ಲ.

ಅಟ್ಟದಿಂದ ಇಳಿದ ಸೈಕಲ್

2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಕೊರೋನಾ ಬರುವವರೆಗೂ ಅದು ನಡೆಯಿತು. ಈಗ ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ, ಸರಕಾರಿ ಶಾಲೆಯಲ್ಲಿ ಓದಿದ ಎಷ್ಟೋ ಜನರ ಮೊದಲ ಸ್ವಂತ ವಾಹನ ಅದೇ. ನಮ್ಮ ಕಡೆ ಅದರಲ್ಲಿ ಕೂತದ್ದಕ್ಕಿಂತ ದೂಡಿದ್ದೇ ಜಾಸ್ತಿ. ಮನೆಯಿಂದ ಶಾಲೆಗೆ ಇಳಿಜಾರು, ಶಾಲೆಯಿಂದ ಮನೆಗೆ ಚಡಾವು. ಕಡಬ ಈಚೆಗೆ ಪುತ್ತೂರು, ಸುಳ್ಯದಿಂದ ಬೇರೆಯಾಗಿ ತಾಲೂಕಾಗಿದೆ, ಪೇಟೆ ಬೆಳೆದಿದೆ, ಆದರೆ ಚಡಾವುಗಳು ಎಲ್ಲಿದ್ದವೋ ಅಲ್ಲೇ ಉಂಟು.

ನನ್ನ ಸೈಕಲನ್ನು ಅಟ್ಟದಿಂದ ಇಳಿಸಿದಾಗ ಟಯರು ಹಪ್ಪಳದ ಹಾಗೆ ಬಿರುಕು ಬಿಟ್ಟಿತ್ತು. ತಂಗಿಯದ್ದು ಅಡ್ಡ ಪೈಪಿಲ್ಲದ, ಮುಂದೆ ಬುಟ್ಟಿ ಇರುವ ಹುಡುಗಿಯರ ಸೈಕಲ್. ದೋಸ್ತನದ್ದು ಅವನ ಅಜ್ಜ ಅಡಿಕೆ ಮೂಟೆ ಹೇರುತ್ತಿದ್ದ ಹಳೇ ಕಪ್ಪು ಸೈಕಲ್, ಸರಳಿನ ಬ್ರೇಕು, ಮಣಭಾರದ ಕ್ಯಾರಿಯರು. ಮೂರನ್ನೂ ಓಮ್ನಿಗೆ ಹೇರಿ ಸೈಕಲ್ ಅಂಗಡಿಗೆ ತಗೊಂಡು ಹೋದೆವು. ಅಂಗಡಿಯವರು ಸುತ್ತ ಒಂದು ಪ್ರದಕ್ಷಿಣೆ ಬಂದು, ‘ಗುಜರಿಗೆ ಅಲ್ವಾ?’ ಅಂದರು.

ವಿಷಯ ಹೇಳಿದ ಮೇಲೆ ಅವರಿಗೇ ನಮಗಿಂತ ಉಮೇದು ಬಂತು. ಹೊಸ ಟಯರು, ಟ್ಯೂಬು, ಬ್ರೇಕಿನ ರಬ್ಬರು, ಚೈನು. ನನ್ನದಕ್ಕೆ ಹಿಂದೆ 18 ಹಲ್ಲಿನ ಫ್ರೀವೀಲ್ ಇತ್ತು. ಅದನ್ನು ತೆಗೆದು 20 ಹಲ್ಲಿನದ್ದು ಹಾಕಿದರು. ಹಿಂದೆ ಹಲ್ಲು ಜಾಸ್ತಿಯಾದರೆ ಒಂದು ತುಳಿತಕ್ಕೆ ಹೋಗುವ ದೂರ ಕಮ್ಮಿ, ಆದರೆ ಚಡಾವಿನಲ್ಲಿ ಕಾಲಿಗೆ ಭಾರವೂ ಕಮ್ಮಿ. ಗೇರ್ ಇಲ್ಲದ ಸೈಕಲಿಗೆ ಇದೊಂದೇ ಗೇರ್. ಕೊನೆಗೆ ಸೀಟು ಎತ್ತರಿಸಿದರು. ಎಂಟನೇ ಕ್ಲಾಸಿನ ಕಾಲಿಗೆ ಇಟ್ಟ ಸೀಟು ಅದು. ಪೆಡಲ್ ಕೆಳಗಿರುವಾಗ ಮೊಣಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಎತ್ತರ ಬೇಕು. ಅಷ್ಟು ಮಾಡಿದ್ದಕ್ಕೇ ಸೈಕಲ್ ಅರ್ಧ ಹಗುರ ಆದ ಹಾಗೆ ಅನ್ನಿಸಿತು. ನನ್ನ ಸೈಕಲಿನ ಖರ್ಚು ಮೂರು ಸಾವಿರದೊಳಗೆ ಮುಗಿಯಿತು. ಹೆಲ್ಮೆಟ್ ಮಾತ್ರ ಹೊಸತು, ಒಳ್ಳೆಯದು. ಅದರಲ್ಲಿ ತಮಾಷೆ ಬೇಡ ಅಂತ ಮೂವರೂ ಮೊದಲೇ ಮಾತಾಡಿಕೊಂಡಿದ್ದೆವು.

ಹೊಳೆ

ಕುಮಾರಧಾರೆ ಹುಟ್ಟುವುದು ಪುಷ್ಪಗಿರಿಯ ಕಾಡಿನಲ್ಲಿ, 1,712 ಮೀಟರ್ ಎತ್ತರದ ಕುಮಾರ ಪರ್ವತದ ಮಗ್ಗುಲಲ್ಲಿ. ಕುಕ್ಕೆಯ ಸ್ನಾನಘಟ್ಟ ದಾಟಿ, ನಮ್ಮ ಊರುಗಳನ್ನು ಸುತ್ತಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು ಮರದ ದಿಮ್ಮಿಗಳನ್ನೇ ಎತ್ತಿಕೊಂಡು ಹೋಗುತ್ತದೆ. ಅದೇ ಹೊಳೆ ಜನವರಿಯಲ್ಲಿ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ, ಕೆರೆಯ ಹಾಗೆ ನಿಲ್ಲುತ್ತದೆ.

ಈ ಸೀಮೆಯ ಮಕ್ಕಳಿಗೆ ಈಜು ಕಲಿಸಿದ್ದು ಕೋಚ್ ಅಲ್ಲ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಎದೆಯಡಿಗೆ ಕೊಡುತ್ತಿದ್ದರು. ಕೆಲವರಿಗೆ ಬಾಳೆದಿಂಡು. ಟ್ರಯಥ್ಲಾನಿನಲ್ಲಿ ಈ ಸೌಲಭ್ಯ ಇಲ್ಲ. ತೇಲಿಸುವ ಯಾವ ವಸ್ತುವೂ, ಕಾಲಿಗೆ ರೆಕ್ಕೆ, ಕೈಗೆ ಹಲಗೆ ಯಾವುದೂ ನಡೆಯುವುದಿಲ್ಲ. ತಣ್ಣೀರಿನ ದೇಶಗಳಲ್ಲಿ ಹಾಕುವ ರಬ್ಬರಿನ ವೆಟ್‌ಸೂಟಿಗೂ ನೀರು ಇಂತಿಷ್ಟು ತಣ್ಣಗಿದ್ದರೆ ಮಾತ್ರ ಅನುಮತಿ. ನಮ್ಮ ಕರಾವಳಿಯ ನೀರಿಗೆ ಅದು ಬೇಕಾಗುವುದೇ ಇಲ್ಲ. ಅಲ್ಲಿಗೆ ಇನ್ನೊಂದಿಷ್ಟು ಸಾವಿರ ಉಳಿಯಿತು.

ದಡದಲ್ಲಿ ಹಗ್ಗ ಕಟ್ಟಿದ ಲಾರಿ ಟ್ಯೂಬ್ ಇಟ್ಟುಕೊಂಡು ಮಾವ ಕೂತರು. ಈಜು ಬಲ್ಲ ಇನ್ನಿಬ್ಬರು ನೆರೆಮನೆಯವರೂ ಇದ್ದರು. ಅಳೆದಿಟ್ಟ 150 ಮೀಟರಿನ ಉದ್ದವನ್ನು ಹದಿಮೂರು ಸಲ ದಾಟಿದರೆ 1.9 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ 6.45ಕ್ಕೆ ನೀರಿಗಿಳಿದಾಗ ಮಂಜು ಇನ್ನೂ ಹೊಳೆಯ ಮೇಲೆ ಮಲಗಿತ್ತು. ನೀರು ಬೆಚ್ಚಗೆ, ಗಾಳಿ ತಣ್ಣಗೆ. ಮುಖ ಎತ್ತಿದಾಗ ಮಾತ್ರ ಚಳಿ. ತಂಗಿ 47 ನಿಮಿಷಕ್ಕೆ ದಡ ಹತ್ತಿ ಟವೆಲ್ ಸುತ್ತಿಕೊಂಡು ಚಾ ಕುಡಿಯುತ್ತಿದ್ದಳು. ನಾನು ಮುಗಿಸಿದ್ದು 56 ನಿಮಿಷಕ್ಕೆ. ದೋಸ್ತನದ್ದು 1 ಗಂಟೆ 6 ನಿಮಿಷ. ಮೂವರೂ ಮೊದಲ ಬಾಗಿಲು ದಾಟಿದೆವು. ತೆಂಗಿನಕಾಯಿ ಕಲಿಸಿದ ಈಜು ಅಂತರರಾಷ್ಟ್ರೀಯ ಗಡುವಿಗೆ ಸಾಕಾಗುತ್ತದೆ ಅಂತ ಅಲ್ಲಿಗೆ ಗೊತ್ತಾಯಿತು.

ರಸ್ತೆ

ಬಟ್ಟೆ ಬದಲಿಸಿ, ಎರಡು ಕದಳಿ ಬಾಳೆಹಣ್ಣು ತಿಂದು ಸೈಕಲ್ ಹತ್ತುವಾಗ ಹೊರಟು 1 ಗಂಟೆ 8 ನಿಮಿಷ. ಕಡಬ ಪೇಟೆ ಆಗಷ್ಟೇ ಶಟರ್ ಎತ್ತುತ್ತಿತ್ತು. ನಮ್ಮ ದಾರಿ ಮೊದಲು ಪೂರ್ವಕ್ಕೆ, ಸುಬ್ರಹ್ಮಣ್ಯಕ್ಕೆ. ವಾಪಸ್ ಕಡಬ, ಅಲ್ಲಿಂದ ಪಶ್ಚಿಮಕ್ಕೆ ಉಪ್ಪಿನಂಗಡಿ ಕಡೆ, ಮತ್ತೆ ಕಡಬ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಈ ರಸ್ತೆಯಲ್ಲಿ ಭಕ್ತರ ಕಾರು, ಕೆಎಸ್‌ಆರ್‌ಟಿಸಿ ಬಸ್ಸು, ಅಡಿಕೆ ಹೇರಿದ ಪಿಕಪ್ ಎಲ್ಲ ಒಟ್ಟಿಗೆ ಓಡುತ್ತವೆ.

ಮರ್ದಾಳ ದಾಟಿದ ಮೇಲೆ ಕಾಡು ಹತ್ತಿರ ಬರುತ್ತದೆ. ನೆಟ್ಟಣದಲ್ಲಿರುವುದು ‘ಸುಬ್ರಹ್ಮಣ್ಯ ರೋಡ್’ ರೈಲು ನಿಲ್ದಾಣ. ಇಲ್ಲಿಂದ ಸಕಲೇಶಪುರಕ್ಕೆ ಹತ್ತುವ ಘಾಟಿಯ ಹಳಿಯಲ್ಲಿ 57 ಸುರಂಗಗಳು. ನಮಗೆ ಸುರಂಗ ಇಲ್ಲ, ಚಡಾವು ಮಾತ್ರ. ಈ ಸೀಮೆಯ ಎಷ್ಟೋ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಸಿಗುತ್ತವೆ. 1964ರ ಭಾರತ-ಸಿಲೋನ್ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ-ಪುತ್ತೂರು ಭಾಗದ ಈ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಕಲ್ಪಿಸಿದ್ದರು. ಬೆಳಕು ಹರಿಯುವ ಮೊದಲೇ ಹಣೆಗೆ ಟಾರ್ಚ್ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುವವರು ಇವರು. ಬೆಂಗಳೂರಿನ ಟ್ರೇಲ್ ಓಟಗಾರರು ‘ಹೆಡ್‌ಲ್ಯಾಂಪ್’ ಅಂತ ಸಾವಿರಾರು ರೂಪಾಯಿಗೆ ಕೊಳ್ಳುವುದು ಇದನ್ನೇ.

ಬಿಳಿನೆಲೆ, ಕೈಕಂಬ, ಕುಲ್ಕುಂದ. ಏರು ಬಂದಲ್ಲಿ ಸೀಟಿನಿಂದ ಎದ್ದು ತುಳಿಯುವುದು, ಇಳಿಜಾರಲ್ಲಿ ಬ್ರೇಕಿನ ಮೇಲೆ ಬೆರಳಿಟ್ಟು ಕೂರುವುದು. ಎರಡು ಕಡೆ ಇಳಿದು ದೂಡಿದೆವು. ಟ್ರಯಥ್ಲಾನಿನಲ್ಲಿ ಸೈಕಲ್ ದೂಡ್ಲಿಕ್ಕೆ ಅಡ್ಡಿ ಇಲ್ಲ, ಅದೂ ಒಂದು ಸಮಾಧಾನ. ದೂಡುವಾಗ ಪಕ್ಕದಲ್ಲಿ ನಿಧಾನಿಸಿದ ಬಸ್ಸಿನ ಕಂಡಕ್ಟರ್, ‘ಎಂತ ಮಾರಾಯ್ರೆ, ಹರಕೆಯಾ?’ ಅಂತ ಕೇಳಿದರು. ಸುಬ್ರಹ್ಮಣ್ಯದ ದಾರಿಯಲ್ಲಿ ಅದು ತಮಾಷೆಯ ಪ್ರಶ್ನೆಯೂ ಅಲ್ಲ. ಕಾಲ್ನಡಿಗೆಯಲ್ಲಿ ಬರುವ ಹರಕೆಯವರು ಇಲ್ಲಿ ಯಾವಾಗಲೂ ಉಂಟು. ‘ಹೌದು, ಕಬ್ಬಿಣದ ಹರಕೆ’ ಅಂದ ದೋಸ್ತ.

ವಾಪಸ್ ಕಡಬ ದಾಟಿ ಹೊಸಮಠ. ಇಲ್ಲಿ ಗುಂಡ್ಯ ಹೊಳೆಗೆ ಮೊದಲಿದ್ದದ್ದು ಮುಳುಗು ಸೇತುವೆ. ದೊಡ್ಡ ಮಳೆ ಬಂತೆಂದರೆ ನೀರು ಸೇತುವೆಯ ಮೇಲೆ ಹರಿದು, ಆಚೆಯವರು ಆಚೆ, ಈಚೆಯವರು ಈಚೆ. ಶಾಲೆಗೆ ರಜೆ, ಬಸ್ಸಿಗೆ ರಜೆ. ಈಗ ಎತ್ತರದ ಹೊಸ ಸೇತುವೆ ಬಂದಿದೆ. ಅದರ ಮೇಲೆ ಬೀಸುವ ಗಾಳಿಗೆ ಎದುರಾಗಿ ಸೆಟೆದು ಕೂತು ತುಳಿಯುವಾಗ ಲೆಮಾಂಡನ ಹ್ಯಾಂಡಲ್ ಯಾಕೆ ಬೇಕಿತ್ತು ಅಂತ ಅರ್ಥ ಆಗುತ್ತದೆ. ಸಮತಟ್ಟು ದಾರಿಯಲ್ಲಿ ನಮ್ಮ ಸೈಕಲಿನ ಶತ್ರು ಅದರ ತೂಕ ಅಲ್ಲ, ನಮ್ಮ ಎದೆಗೆ ಬಡಿಯುವ ಗಾಳಿ. ಹ್ಯಾಂಡಲ್ಲಿನ ಮಧ್ಯಕ್ಕೆ ಕೈ ತಂದು, ಬೆನ್ನು ಬಗ್ಗಿಸಿದರೆ ಕಾಸು ಖರ್ಚಿಲ್ಲದೆ ಸ್ವಲ್ಪ ವೇಗ ಸಿಗುತ್ತದೆ. ಬ್ರೇಕಿನಿಂದ ಕೈ ದೂರವಾಗುವ ಕಾರಣ ಖಾಲಿ ನೇರ ರಸ್ತೆಯಲ್ಲಿ ಮಾತ್ರ.

ಕುಂತೂರು, ಆಲಂಕಾರು, ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ಹುಟ್ಟಿದ ರಾಮಕುಂಜ, ಆತೂರು. ಕೊಯಿಲದ ಪಶುವೈದ್ಯಕೀಯ ಕಾಲೇಜಿನ ಆಸುಪಾಸಿನಲ್ಲಿ ಫೋನಿನ ಮ್ಯಾಪು ಸಾಕು ಅಂದಲ್ಲಿ ತಿರುಗಿದೆವು. ಆಲಂಕಾರಿನಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಗಂಜಿ ತಿಳಿ. ಕುಚ್ಚಲಕ್ಕಿ ಗಂಜಿಯ ನೀರು, ಉಪ್ಪು, ಮಿಡಿ ಉಪ್ಪಿನಕಾಯಿಯ ರಸ. ಅಂಗಡಿಯ ಎಲೆಕ್ಟ್ರೊಲೈಟ್ ಪೊಟ್ಟಣದಲ್ಲಿರುವ ಮುಖ್ಯ ಸಾಮಾನು ಉಪ್ಪು, ಸಕ್ಕರೆ. ಗಂಜಿಯಲ್ಲಿ ಉಪ್ಪೂ ಉಂಟು, ಪಿಷ್ಟವೂ ಉಂಟು, ಅಮ್ಮನ ಬೈಗಳೂ ಉಂಟು. ಇನ್ನೊಂದು ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು. ಮಾವ ಓಮ್ನಿ ನಿಲ್ಲಿಸಿ ಬೊಂಡ ಕೆತ್ತಿಕೊಟ್ಟರು. ಗೋವಾದಲ್ಲಿ ಇದು ನಡೆಯುವುದಿಲ್ಲ. ಮನೆಯವರು ದಾರಿಯಲ್ಲಿ ಏನಾದರೂ ಕೊಟ್ಟರೆ ಅದು ‘ಹೊರಗಿನ ಸಹಾಯ’, ನಿಯಮಕ್ಕೆ ವಿರುದ್ಧ. 1978ರಲ್ಲಿ ಮನೆಯವರನ್ನು ಕರೆದುಕೊಂಡು ಬರಲೇಬೇಕಿತ್ತು, ಈಗ ಅವರು ಬೊಂಡ ಕೊಟ್ಟರೆ ತಪ್ಪು.

ಸೈಕಲ್ ಇಳಿದಾಗ 90 ಕಿ.ಮೀ.ಗೆ 4 ಗಂಟೆ 58 ನಿಮಿಷ. ಒಟ್ಟು ಗಡಿಯಾರ 6 ಗಂಟೆ 6 ನಿಮಿಷ. ಎರಡನೇ ಬಾಗಿಲು 36 ನಿಮಿಷದ ಹಿಂದೆಯೇ ಮುಚ್ಚಿಯಾಗಿತ್ತು.

ಓಟ

ಗೋವಾದಲ್ಲಿ ಆಗಿದ್ದರೆ ನಮ್ಮ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಕಡಬದಲ್ಲಿ ನಿಲ್ಲಿಸುವವರು ಯಾರೂ ಇರಲಿಲ್ಲ. ಅಮ್ಮ ಮಾತ್ರ ‘ಸಾಕು, ಊಟಕ್ಕೆ ಬನ್ನಿ’ ಅಂದರು. ಮಧ್ಯಾಹ್ನ ಒಂದು ಗಂಟೆಗೆ ಪಂಜ ರಸ್ತೆಯಲ್ಲಿ ಕೋಡಿಂಬಾಳದ ಕಡೆ ಓಟ ಶುರು.

ತಲೆಗೆ ಹಾಳೆಯ ಮುಟ್ಟಾಳೆ. ಅಡಿಕೆಯ ಹಾಳೆಯನ್ನು ಮಡಚಿ ಹೊಲಿದ ಈ ಟೊಪ್ಪಿಯನ್ನು ಗದ್ದೆ-ತೋಟದಲ್ಲಿ ಹಿಂದಿನಿಂದ ಹಾಕಿಕೊಂಡು ಬಂದಿದ್ದಾರೆ. ಬೆವರು ಹೀರುತ್ತದೆ, ಹಗುರ, ತಲೆಗೂ ಹಾಳೆಗೂ ನಡುವೆ ಗಾಳಿ ಆಡುತ್ತದೆ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಂಪು. ಹೆಲ್ಮೆಟ್ಟಿಗೆ ಬದಲಿ ಅಲ್ಲ, ಆದರೆ ಬಿಸಿಲಲ್ಲಿ ಓಡುವಾಗ ನನ್ನ ಬ್ರಾಂಡೆಡ್ ಕ್ಯಾಪಿಗಿಂತ ಇದೇ ವಾಸಿ ಅಂತ ಆ ದಿನ ಖಚಿತವಾಯಿತು.

ದೋಸ್ತ ಬರಿಗಾಲು. ತೋಟದಲ್ಲಿ ವರ್ಷಪೂರ್ತಿ ಬರಿಗಾಲಲ್ಲೇ ಇರುವವನು. ನಟ ಮಿಲಿಂದ್ ಸೋಮನ್ 2017ರಲ್ಲಿ ಫ್ಲಾರಿಡಾದ ಅಲ್ಟ್ರಾಮ್ಯಾನಿನಲ್ಲಿ, ಮೂರು ದಿನದ 517.5 ಕಿ.ಮೀ. ಸ್ಪರ್ಧೆಯಲ್ಲಿ, ಬರಿಗಾಲಲ್ಲೇ ಓಡಿದ್ದರು. ನಮ್ಮ ಜಿಲ್ಲೆಯ ಉದಾಹರಣೆ ಅದಕ್ಕಿಂತ ಹತ್ತಿರದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವಿಡೀ ಸುದ್ದಿಯಾದರು. ಟ್ರ್ಯಾಕಿನಲ್ಲಿ ಓಡಿಸಿ ನೋಡುತ್ತೇವೆ ಅಂತ ಕ್ರೀಡಾ ಇಲಾಖೆಯವರು ಕರೆದಾಗ, ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಅಂತ ಅವರು ವಿನಯದಿಂದಲೇ ಹಿಂದೆ ಸರಿದರು. ಅವರ ಮಾತಿನ ತೂಕ ದೋಸ್ತನಿಗೆ ಎರಡನೇ ಸುತ್ತಿನಲ್ಲಿ ಗೊತ್ತಾಯಿತು. ರಸ್ತೆಯಂಚಿನ ಮಣ್ಣಿನಲ್ಲಿ ಜಿಂಕೆಯ ಹಾಗೆ ಹೋಗುತ್ತಿದ್ದವನು ಕಾದ ಡಾಮರಿನ ಮೇಲೆ ಕುಣಿಯತೊಡಗಿದ. ಮಾವನ ಓಮ್ನಿಯಿಂದ ಶೂ ಬಂತು. ಕಾಲಿಗೆ ಅಭ್ಯಾಸ ಇರುವುದು ಒಂದು, ಆ ನೆಲಕ್ಕೆ ಅಭ್ಯಾಸ ಇರುವುದು ಇನ್ನೊಂದು.

ಮೂರನೇ ಸುತ್ತಿನಲ್ಲಿ ನಾವು ಓಡಿದ್ದಕ್ಕಿಂತ ನಡೆದದ್ದೇ ಜಾಸ್ತಿ. ಶಾಲೆ ಬಿಡುವ ಹೊತ್ತಿಗೆ ಯೂನಿಫಾರ್ಮಿನ ಏಳೆಂಟು ಮಕ್ಕಳು ಸ್ವಲ್ಪ ದೂರ ನಮ್ಮ ಜೊತೆ ಓಡಿದರು. ಬ್ಯಾಗ್ ಹೊತ್ತುಕೊಂಡೇ ನಮ್ಮನ್ನು ಹಿಂದೆ ಹಾಕಿದರು. 3 ಗಂಟೆ 6 ನಿಮಿಷಕ್ಕೆ ಓಟ ಮುಗಿಯಿತು. ನಡುವಿನ ಬಟ್ಟೆ ಬದಲಿಸಿದ 9 ನಿಮಿಷ ಸೇರಿಸಿ ನನ್ನ ಒಟ್ಟು ಸಮಯ 9 ಗಂಟೆ 21 ನಿಮಿಷ. ಗಡುವಿಗಿಂತ 51 ನಿಮಿಷ ಜಾಸ್ತಿ. ತಂಗಿ ನನಗಿಂತ ಸ್ವಲ್ಪ ಮೊದಲು, ದೋಸ್ತ ಸ್ವಲ್ಪ ಆಮೇಲೆ.

ಹಾಗಾದರೆ ಆಗ್ತದಾ?

ರಾತ್ರಿ ಊಟ ಮಾಡಿ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಸೈಕಲಿನಲ್ಲಿ ನನ್ನ ಸರಾಸರಿ ವೇಗ ಗಂಟೆಗೆ 18.1 ಕಿ.ಮೀ. ಎರಡನೇ ಬಾಗಿಲು ತೆರೆದಿರುವಾಗಲೇ ತಲುಪಬೇಕಿದ್ದರೆ ಬೇಕಾಗಿದ್ದದ್ದು 20.6. ಅಂದರೆ ಕೊರತೆ ಗಂಟೆಗೆ ಎರಡೂವರೆ ಕಿಲೋಮೀಟರ್.

ಎಂಟನೇ ಕ್ಲಾಸಿನ ಸರಕಾರಿ ಸೈಕಲಿಗೂ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯ ಗಡುವಿಗೂ ಇರುವ ದೂರ ಅಷ್ಟೇ. ಅದೂ ಗೇರಿಲ್ಲದೆ, ಕಡಬದ ಚಡಾವುಗಳಲ್ಲಿ, ಎರಡು ಸಲ ದೂಡಿ, ಒಂದು ಸಲ ಬೊಂಡ ಕುಡಿಯಲು ನಿಂತು. ಆ ಎರಡೂವರೆ ಕಿಲೋಮೀಟರನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳಬಹುದು. ಇಲ್ಲವೇ ಆರು ತಿಂಗಳು ವಾರಕ್ಕೆ ಮೂರು ದಿನ ತುಳಿದು ಗಳಿಸಬಹುದು. ದುಡ್ಡಿನ ನೆಪ ಹೇಳಿ ಕ್ಯಾಂಟೀನಿನಲ್ಲಿ ಮಾತು ಮುಗಿಸುವ ದಾರಿ ಮಾತ್ರ ನಮಗೆ ಇನ್ನು ಇಲ್ಲ.

ಸ್ಪರ್ಧೆಗೆ ಇಳಿಯುವುದಕ್ಕೆ ಹೆಸರು ನೋಂದಾಯಿಸುವ ಖರ್ಚು ಉಂಟು, ಅದು ಹತ್ತಾರು ಸಾವಿರ. ಅದು ಬೇಡ ಅನ್ನಿಸಿದರೆ ನಿಮ್ಮೂರಿನ ಕೆರೆ, ರಸ್ತೆ, ಗುಡ್ಡ ಸಾಕು. 15 ಮಂದಿ ಹವಾಯಿಯಲ್ಲಿ ಮಾಡಿದ್ದೂ ಅದನ್ನೇ.

ನೀವೂ ಹೊರಡುವುದಾದರೆ

ಹೊಳೆ: ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಉಳಿದ ಕಾಲದಲ್ಲೂ ಊರವರನ್ನು ಕೇಳದೆ ಇಳಿಯಬೇಡಿ. ನೀರು ಶಾಂತ ಕಂಡಲ್ಲೇ ಗುಂಡಿ ಇರುತ್ತದೆ. ಈಜಲು ಹೋಗಿ ನೀರುಪಾಲಾದವರ ಸುದ್ದಿ ನಮ್ಮ ಕಡೆಯ ಪೇಪರಿಗೆ ಹೊಸತಲ್ಲ. ದಡದಲ್ಲಿ ಈಜು ಬಲ್ಲವರು ಮತ್ತು ಹಗ್ಗ ಕಟ್ಟಿದ ಟ್ಯೂಬ್ ಇರಲೇಬೇಕು.

ಆನೆ: ಕಾಡಂಚಿನ ದಾರಿಗಳಲ್ಲಿ ಬೆಳಕು ಹರಿದ ಮೇಲೆಯೇ ಹೊರಡಿ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆಯ ದಾಳಿಗೆ ಇಬ್ಬರು ಜೀವ ಕಳೆದುಕೊಂಡಿದ್ದಾರೆ. ಐದು ಗಂಟೆಗೆ ಎದ್ದು ಓಡುವ ನಗರದ ಅಭ್ಯಾಸ ಇಲ್ಲಿ ಬೇಡ. ಕಿವಿಗೆ ಇಯರ್‌ಫೋನೂ ಬೇಡ. ಟ್ರಯಥ್ಲಾನಿನ ನಿಯಮದಲ್ಲೂ ಅದು ನಿಷಿದ್ಧ.

ಸಾಮಾನು: ಸೈಕಲ್ ಹಳೆಯದಿರಲಿ, ಟಯರು-ಬ್ರೇಕು-ಹೆಲ್ಮೆಟ್ ಹಳೆಯದಿರಬಾರದು. ಸ್ಪರ್ಧೆಗೆ ಹೋಗುವುದಾದರೆ ಅವರ ಅಥ್ಲೀಟ್ ಗೈಡ್ ಪೂರ್ತಿ ಓದಿ. ಬರಿಮೈ, ಬರಿಗಾಲು, ಕ್ಯಾರಿಯರು, ಬುಟ್ಟಿ, ವೇಷ, ಯಾವುದು ನಡೆಯುತ್ತದೆ ಯಾವುದು ಇಲ್ಲ ಅಂತ ಮೊದಲೇ ಕೇಳಿಕೊಳ್ಳಿ.

ಬರುವುದು: ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಕುಕ್ಕೆಗೆ, ಕಡಬಕ್ಕೆ ನೇರ ಬಸ್ಸುಗಳೂ ಉಂಟು. ಚಂಪಾ ಷಷ್ಠಿಯ ದಿನಗಳಲ್ಲಿ ಈ ರಸ್ತೆಯಲ್ಲಿ ಸೈಕಲಿಗೆ ಜಾಗವೇ ಇರುವುದಿಲ್ಲ, ಆ ವಾರ ಬಿಡಿ.

ನಾವು ಮೂವರಲ್ಲಿ ಗೋವಾಕ್ಕೆ ಹೆಸರು ಕೊಡುವ ಧೈರ್ಯ ಮೊದಲು ಮಾಡುವುದು ತಂಗಿಯೇ ಅಂತ ಕಾಣುತ್ತದೆ. ಸಮತಟ್ಟು ದಾರಿಗೆ 16 ಹಲ್ಲಿನ ಫ್ರೀವೀಲ್ ಉಂಟಾ ಅಂತ ಕಡಬದ ಅಂಗಡಿಗೆ ಫೋನ್ ಮಾಡಿ ಕೇಳಿಯಾಗಿದೆ. ‘ಉಂಟು. ಆದರೆ ಆ ಬುಟ್ಟಿ ತೆಗೀರಿ ಮಾರಾಯ್ರೆ’ ಅಂದರಂತೆ ಅಂಗಡಿಯವರು.